ದೊಡ್ಡ ಬ್ರೇಕ್ ಹಾಕಿಸಿದರೆ ಕಾರು ಬೇಗ ನಿಲ್ಲುತ್ತದೆಯೇ?

ಸ್ಪೋರ್ಟ್ಸ್ ಕಾರು ಕೊಂಡವರಲ್ಲಿ ಅನೇಕರಿಗೆ ಅದನ್ನು ಒಮ್ಮೆಯಾದರೂ ರೇಸ್ ಟ್ರ್ಯಾಕ್‌ನಲ್ಲಿ ಓಡಿಸಬೇಕೆಂಬ ಆಸೆ ಇರುತ್ತದೆ. ಅಂಥವರಿಗಾಗಿಯೇ ‘ಟ್ರ್ಯಾಕ್ ಡೇ’ಗಳು ನಡೆಯುತ್ತವೆ. ಇದು ಸ್ಪರ್ಧೆಯಲ್ಲ. ಶುಲ್ಕ ಕಟ್ಟಿ, ಸ್ವಂತ ಕಾರನ್ನು ತಂದು, ಎದುರಿನಿಂದ ವಾಹನ ಬರುವ ಭಯವಿಲ್ಲದೆ ಸ್ವಲ್ಪ ಹೊತ್ತು ವೇಗವಾಗಿ ಓಡಿಸುವ ಅವಕಾಶ ಅಷ್ಟೆ. ನಮ್ಮ ದೇಶದಲ್ಲಿ ಇದಕ್ಕೆ ತಕ್ಕ ಟ್ರ್ಯಾಕ್‌ಗಳು ಬೆರಳೆಣಿಕೆಯಷ್ಟು: ಗ್ರೇಟರ್ ನೋಯ್ಡಾದ ಬುದ್ಧ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್, ಚೆನ್ನೈ ಸಮೀಪದ ಇರುಂಗಾಟ್ಟುಕೋಟೈನ ಟ್ರ್ಯಾಕ್, ಕೊಯಮತ್ತೂರು ಬಳಿಯ ಕರಿ ಮೋಟಾರ್ ಸ್ಪೀಡ್‌ವೇ ಮುಂತಾದವು. ಬೆಂಗಳೂರಿನ ಉತ್ಸಾಹಿಗಳಿಗೆ ಈ ಪೈಕಿ ಕೊನೆಯ ಎರಡು ಹತ್ತಿರ.

ಟ್ರ್ಯಾಕ್‌ಗೆ ಹೋಗುತ್ತೇನೆ ಎಂದವರಿಗೆ ಗೆಳೆಯರಿಂದ ಸಿಗುವ ಮೊದಲ ಸಲಹೆ “ದೊಡ್ಡ ಬ್ರೇಕ್ ಹಾಕಿಸು, ಕಾರು ಬೇಗ ನಿಲ್ಲುತ್ತದೆ” ಎಂಬುದು. ದೊಡ್ಡ ಡಿಸ್ಕ್, ಹೊಳೆಯುವ ಕೆಂಪು ಕ್ಯಾಲಿಪರ್‌ಗಳಿರುವ ಕಿಟ್‌ಗೆ ಲಕ್ಷಗಟ್ಟಲೆ ಹಣ ಬೇಕು. ಅಷ್ಟು ಖರ್ಚು ಮಾಡಿದರೆ ಕಾರು ನಿಜಕ್ಕೂ ಬೇಗ ನಿಲ್ಲುತ್ತದೆಯೇ? ಇಲ್ಲ. ಆದರೆ ಬ್ರೇಕ್ ಬಗ್ಗೆ ತಲೆಕೆಡಿಸಿಕೊಳ್ಳದೆ ಟ್ರ್ಯಾಕ್‌ಗೆ ಇಳಿಯುವುದೂ ಅಪಾಯವೇ. ಈ ಎರಡೂ ಮಾತು ಹೇಗೆ ನಿಜ ಎನ್ನುವುದನ್ನು ನೋಡೋಣ.

ಕಾರನ್ನು ನಿಲ್ಲಿಸುವುದು ಯಾರು?

ಬ್ರೇಕ್ ನಿಲ್ಲಿಸುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. ಒಳ್ಳೆಯ ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಿಂದ ನಿಲ್ಲಲು ಸುಮಾರು 39 ಮೀಟರ್ ಬೇಕು. ಈ ಲೆಕ್ಕದಲ್ಲಿ ಬರುವುದು ವೇಗ, ಟೈರಿನ ಹಿಡಿತ ಮತ್ತು ಗುರುತ್ವಾಕರ್ಷಣೆ. ಡಿಸ್ಕಿನ ಅಗಲಕ್ಕೆ ಅಲ್ಲಿ ಜಾಗವೇ ಇಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ನಿಮ್ಮ ಕಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಕಾಲಿನ ಕೆಳಗೆ ಗಡಗಡ ನಡುಗಿದರೆ, ಎಬಿಎಸ್ ಕೆಲಸ ಮಾಡುತ್ತಿದೆ ಎಂದರ್ಥ. ಅಂದರೆ ಟೈರು ತಡೆದುಕೊಳ್ಳುವುದಕ್ಕಿಂತ ಹೆಚ್ಚಿನ ಬಲವನ್ನು ಬ್ರೇಕ್ ಈಗಾಗಲೇ ಕೊಡುತ್ತಿದೆ, ಚಕ್ರ ಜಾರದಂತೆ ಎಬಿಎಸ್ ಅದನ್ನು ಸಡಿಲಿಸುತ್ತಿದೆ. ಇವತ್ತಿನ ಬಹುತೇಕ ಎಲ್ಲ ಕಾರುಗಳಿಗೂ ಈ ಶಕ್ತಿ ಇದೆ. ಅದಕ್ಕೆ ಇನ್ನೂ ದೊಡ್ಡ ಬ್ರೇಕ್ ಸೇರಿಸಿದರೆ ಎಬಿಎಸ್‌ಗೆ ಇನ್ನಷ್ಟು ಕೆಲಸ, ಅಷ್ಟೆ. ಒಂದು ಸಲ ಬೇಗ ನಿಲ್ಲಬೇಕೆಂದರೆ ಹಣ ಹಾಕಬೇಕಾದ್ದು ಟೈರಿಗೆ.

ಹಾಗಿದ್ದರೆ ಸಮಸ್ಯೆ ಎಲ್ಲಿದೆ? ‘ಒಂದು ಸಲ’ ಎಂಬ ಮಾತಿನಲ್ಲಿ.

ಮೂರೂವರೆ ಸೆಕೆಂಡಿನ ಗೀಸರ್

ಓಡುತ್ತಿರುವ ಕಾರಿನ ಚಲನಶಕ್ತಿಯನ್ನು ಶಾಖವಾಗಿ ಬದಲಾಯಿಸುವುದೇ ಬ್ರೇಕಿನ ಕೆಲಸ. ಈ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. 1,400 ಕೆಜಿ ತೂಕದ ಕಾರು ಊರಿನಲ್ಲಿ 60 ಕಿಲೋಮೀಟರ್ ವೇಗದಿಂದ ನಿಂತರೆ ಸುಮಾರು 0.2 ಮೆಗಾಜೂಲ್ ಶಾಖ ಹುಟ್ಟುತ್ತದೆ.

ಈಗ ಅದೇ ಕಾರನ್ನು ಬುದ್ಧ್ ಸರ್ಕ್ಯೂಟ್‌ಗೆ ಒಯ್ಯೋಣ. 5.125 ಕಿಲೋಮೀಟರ್ ಉದ್ದದ ಈ ಟ್ರ್ಯಾಕ್‌ನಲ್ಲಿ ಒಂದು ಕಿಲೋಮೀಟರಿಗೂ ಉದ್ದವಾದ ನೇರ ಹಾದಿಯಿದೆ, ಅದರ ಕೊನೆಗೆ ಬಿಗಿಯಾದ ತಿರುವು. ಅಲ್ಲಿ 200ರಿಂದ 80ಕ್ಕೆ ವೇಗ ಇಳಿಸಿದರೆ ಸುಮಾರು 1.8 ಮೆಗಾಜೂಲ್ ಶಾಖ, ಅಂದರೆ ಊರಿನ ಬ್ರೇಕಿನ ಒಂಬತ್ತರಷ್ಟು. ಐದೂವರೆ ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಸಾಕು. 2 ಕಿಲೋವ್ಯಾಟ್‌ನ ಗೀಸರಿಗೆ ಇಷ್ಟು ಶಾಖ ಕೊಡಲು ಕಾಲು ಗಂಟೆ ಬೇಕು. ಕಾರಿನ ಬ್ರೇಕ್ ಅದನ್ನು ಸುಮಾರು ಮೂರೂವರೆ ಸೆಕೆಂಡಿನಲ್ಲಿ ಮಾಡಿ ಮುಗಿಸುತ್ತದೆ.

ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಈ ಶಾಖದ ದೊಡ್ಡ ಪಾಲು, ಅಂದಾಜು ಶೇ. 70, ಮುಂದಿನ ಎರಡು ಡಿಸ್ಕ್‌ಗಳಿಗೆ ಹೋಗುತ್ತದೆ. ತಲಾ 8 ಕೆಜಿಯ ಎರಕದ ಕಬ್ಬಿಣದ ಡಿಸ್ಕ್‌ಗಳಾದರೆ ಇದೊಂದೇ ಬ್ರೇಕಿಗೆ ಅವುಗಳ ಬಿಸಿ 150 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಅದು ಪೂರ್ತಿ ಆರುವ ಮೊದಲೇ ಮುಂದಿನ ತಿರುವು, ಮತ್ತೆ ಬ್ರೇಕ್. ಊರಿನಲ್ಲಿ ಎರಡು ಬ್ರೇಕ್‌ಗಳ ನಡುವೆ ಸಿಗುವ ಬಿಡುವು ಟ್ರ್ಯಾಕ್‌ನಲ್ಲಿ ಸಿಗುವುದಿಲ್ಲ. ಆದ್ದರಿಂದ ಟ್ರ್ಯಾಕ್‌ಗಾಗಿ ಬ್ರೇಕ್ ಸುಧಾರಿಸುವುದು ಎಂದರೆ ಬಲ ಹೆಚ್ಚಿಸುವುದಲ್ಲ, ಬಿಸಿಯನ್ನು ಸಂಭಾಳಿಸುವುದು. ಮೊದಲ ಸುತ್ತಿನಲ್ಲಿ ನಿಂತ ಹಾಗೆಯೇ ಹತ್ತನೆಯ ಸುತ್ತಿನಲ್ಲೂ ನಿಲ್ಲಬೇಕು.

ರೇಸಿಂಗ್ ಇತಿಹಾಸವೂ ಇದನ್ನೇ ಹೇಳುತ್ತದೆ. ಡಿಸ್ಕ್ ಬ್ರೇಕಿಗೆ ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಅದರ ಬೆಲೆ ಜಗತ್ತಿಗೆ ತಿಳಿದದ್ದು 1953ರ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿ, ಡಿಸ್ಕ್ ಬ್ರೇಕ್ ಇದ್ದ ಜಾಗ್ವಾರ್ ಸಿ-ಟೈಪ್ ಗೆದ್ದಾಗ. ಬಿಸಿ ಒಳಗೇ ಉಳಿಯುವ ಡ್ರಮ್ ಬ್ರೇಕಿಗಿಂತ ಗಾಳಿಗೆ ತೆರೆದುಕೊಂಡ ಡಿಸ್ಕ್ ಬೇಗ ಆರುತ್ತದೆ.

ಬ್ರೇಕ್ ಕೈಕೊಡುವ ಎರಡು ಬಗೆ

ಬಿಸಿ ಮಿತಿ ಮೀರಿದಾಗ ಬ್ರೇಕ್ ಎರಡು ರೀತಿಯಲ್ಲಿ ಕೈಕೊಡುತ್ತದೆ. ಇವುಗಳ ವ್ಯತ್ಯಾಸ ತಿಳಿದಿರಬೇಕು.

ಮೊದಲನೆಯದು ಪ್ಯಾಡಿನದು. ಪ್ಯಾಡ್‌ನ ಪುಡಿಯನ್ನು ಹಿಡಿದಿಡುವ ಅಂಟು ವಿಪರೀತ ಬಿಸಿಗೆ ಬೆಂದು ಅನಿಲ ಬಿಡುತ್ತದೆ, ಪ್ಯಾಡಿನ ಹಿಡಿತ ಕುಸಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಕಾರು ಮಾತ್ರ ನಿಧಾನವಾಗುವುದಿಲ್ಲ. ಎರಡನೆಯದು ದ್ರವದ್ದು. ಇಲ್ಲಿ ಪೆಡಲ್ ಮೆತ್ತಗಾಗಿ, ಕೊನೆಗೆ ನೆಲಕ್ಕೇ ತಾಗಿಬಿಡಬಹುದು. ಮೊದಲನೆಯದು ಸಾಮಾನ್ಯವಾಗಿ ನಿಧಾನವಾಗಿ ಬರುತ್ತದೆ, ಎಚ್ಚರಿಸುತ್ತದೆ. ಎರಡನೆಯದು ಒಂದೇ ತಿರುವಿನಲ್ಲಿ ಬರಬಹುದು. ಹಾಗಾಗಿ ಮೊದಲು ಅದನ್ನೇ ಸರಿಪಡಿಸಬೇಕು.

ಮೊದಲು ‘ಬ್ರೇಕ್ ಆಯಿಲ್’

ನಮ್ಮ ಗ್ಯಾರೇಜುಗಳಲ್ಲಿ ‘ಬ್ರೇಕ್ ಆಯಿಲ್’ ಎಂದೇ ಕರೆಯುವ ಈ ದ್ರವ ನಿಜಕ್ಕೂ ಎಂಜಿನ್ ಆಯಿಲ್‌ನಂಥ ಎಣ್ಣೆಯಲ್ಲ. ಬಹುತೇಕ ಕಾರುಗಳಲ್ಲಿರುವುದು ಗ್ಲೈಕಾಲ್ ಈಥರ್ ಜಾತಿಯ ದ್ರವ. ಅದರ ಬದಲು ಖನಿಜ ಎಣ್ಣೆ ಹಾಕಿದರೆ ಒಳಗಿನ ರಬ್ಬರ್ ಸೀಲ್‌ಗಳು ಊದಿಕೊಂಡು ಹಾಳಾಗುತ್ತವೆ.

ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದಷ್ಟೂ ಅದು ಕಡಿಮೆ ಬಿಸಿಗೇ ಕುದಿಯುತ್ತದೆ. ಡಾಟ್ 4 ಮಾನದಂಡದ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ಸುಮಾರು ಶೇ. 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿ 155 ಡಿಗ್ರಿ. ಡಾಟ್ 5.1ಕ್ಕೆ ಈ ಅಂಕಿಗಳು 260 ಮತ್ತು 180. ರೇಸಿಂಗ್‌ಗೆಂದೇ ತಯಾರಾದ ಕೆಲವು ದ್ರವಗಳು ಹೊಸದಿದ್ದಾಗ 300 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ.

ಕುದಿದರೆ ಏನಾಗುತ್ತದೆ? ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಕುಗ್ಗಿಸಬಹುದು. ನೀವು ತುಳಿದ ಬಲವೆಲ್ಲ ಆವಿಯ ಗುಳ್ಳೆಯನ್ನು ಒತ್ತುವುದರಲ್ಲೇ ಮುಗಿದುಹೋಗುತ್ತದೆ, ಪ್ಯಾಡಿಗೆ ತಲುಪುವುದಿಲ್ಲ. ಪ್ರೆಶರ್ ಕುಕ್ಕರಿನಲ್ಲಿ ಒತ್ತಡ ಇರುವವರೆಗೆ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುವ ಹಾಗೆ, ಪೆಡಲ್ ಒತ್ತಿದಷ್ಟು ಹೊತ್ತು ಇಲ್ಲೂ ದ್ರವ ಸುಮ್ಮನಿರಬಹುದು. ಕಾಲು ತೆಗೆದು ಒತ್ತಡ ಇಳಿದಾಗ ಕುದಿಯುತ್ತದೆ. ಹೀಗಾಗಿ ಹಿಂದಿನ ತಿರುವಿನಲ್ಲಿ ಸರಿಯಾಗಿದ್ದ ಪೆಡಲ್ ಮುಂದಿನ ತಿರುವಿನಲ್ಲಿ ಇರದೇ ಹೋಗಬಹುದು. 

ಹೊಸ ದ್ರವ ತುಂಬಿ, ಗಾಳಿ ತೆಗೆಸುವ ಖರ್ಚು ದೊಡ್ಡ ಕಿಟ್‌ನ ಬೆಲೆಯ ಮುಂದೆ ಏನೇನೂ ಅಲ್ಲ. ಒಂದು ಎಚ್ಚರಿಕೆ: ‘ಡಾಟ್ 5’ ಎಂಬುದು ಸಿಲಿಕೋನ್ ದ್ರವ. 5.1ಕ್ಕೂ ಅದಕ್ಕೂ ಸಂಬಂಧವಿಲ್ಲ, ಎರಡನ್ನೂ ಬೆರೆಸಬಾರದು.

ನಂತರ ಪ್ಯಾಡ್, ಆಮೇಲೆ ಗಾಳಿ

ಕಂಪನಿ ಕೊಡುವ ಪ್ಯಾಡ್‌ಗಳು ಬೆಳಗಿನ ಚಳಿಯಲ್ಲಿ ಮೊದಲ ಸಲ ತುಳಿದಾಗಲೂ ಹಿಡಿಯಬೇಕು, ಕಿರುಚಬಾರದು, ಬಹುಕಾಲ ಬಾಳಬೇಕು. ಟ್ರ್ಯಾಕ್ ಪ್ಯಾಡ್‌ಗಳ ಗುಣ ಬೇರೆ. ಡಿಸ್ಕ್ ಬಹಳ ಬಿಸಿಯಾದರೂ ಅವುಗಳ ಹಿಡಿತ ಉಳಿಯುತ್ತದೆ. ಆದರೆ ಅಪ್ಪಟ ರೇಸ್ ಪ್ಯಾಡ್‌ಗಳಲ್ಲಿ ಕೆಲವು ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದೇ ಇಲ್ಲ. ಅದೇ ಪ್ಯಾಡಿನಲ್ಲಿ ಮನೆಯಿಂದ ಹೊರಟು ಮೊದಲ ಸಿಗ್ನಲ್‌ನಲ್ಲಿ ನಿಲ್ಲಿಸಹೊರಟರೆ ಅಪಾಯ. ‘ರೇಸಿಂಗ್’ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಎಲ್ಲ ಕಡೆ ಉತ್ತಮ ಎಂದುಕೊಳ್ಳಬೇಡಿ. ರಸ್ತೆಯಲ್ಲೂ ಓಡುವ ಕಾರಿಗೆ ಎರಡಕ್ಕೂ ಹೊಂದುವ ಪ್ಯಾಡ್ ಆರಿಸಬೇಕು, ಇಲ್ಲವೇ ಟ್ರ್ಯಾಕ್‌ನಲ್ಲೇ ಪ್ಯಾಡ್ ಬದಲಿಸಬೇಕು. ಹೊಸ ಪ್ಯಾಡನ್ನು ತಯಾರಕರು ಹೇಳಿದಂತೆ ಹಂತಹಂತವಾಗಿ ಬಿಸಿ ಮಾಡಿ, ಆರಿಸಿ, ಡಿಸ್ಕಿಗೆ ಹೊಂದಿಸಿದ ಮೇಲೆಯೇ ಜೋರಾಗಿ ಬಳಸಬೇಕು.

ಮೂರನೆಯದು ಗಾಳಿ. ಬಂಪರಿನಿಂದ ಡಿಸ್ಕಿನ ಮಧ್ಯಕ್ಕೆ ಕೊಳವೆಯ ಮೂಲಕ ಗಾಳಿ ಹಾಯಿಸಿದರೆ ಬಿಸಿ ಬೇಗ ಇಳಿಯುತ್ತದೆ. ಡಿಸ್ಕಿನ ಎರಡು ಮುಖಗಳ ನಡುವಿನ ಸಂದುಗಳೇ ಗಾಳಿಯನ್ನು ಎಳೆದು ಹೊರಗೆ ತಳ್ಳುವ ಫ್ಯಾನಿನಂತೆ ಕೆಲಸ ಮಾಡುತ್ತವೆ. ಮುಖದ ಮೇಲೆ ಕೊರೆದ ತೂತುಗಳಿಂದಲೇ ಡಿಸ್ಕ್ ತಂಪಾಗುತ್ತದೆ ಎಂಬ ನಂಬಿಕೆ ಇದೆ. ಆದರೆ ತೂತು ಕೊರೆದಷ್ಟೂ ಬಿಸಿ ಹೀರುವ ಲೋಹ ಕಡಿಮೆಯಾಗುತ್ತದೆ. ಟ್ರ್ಯಾಕ್‌ನ ಬಿಸಿಯಲ್ಲಿ ಬಿರುಕು ಸಾಮಾನ್ಯವಾಗಿ ಶುರುವಾಗುವುದೂ ಆ ತೂತಿನ ಅಂಚಿನಿಂದಲೇ. ಪ್ಯಾಡಿನ ಪುಡಿಯನ್ನು ಗುಡಿಸಿಹಾಕುವ ಗೀರುಗಳಿರುವ ಡಿಸ್ಕ್, ಇಲ್ಲವೇ ಸಾದಾ ಡಿಸ್ಕ್ ವಾಸಿ.

ಉಕ್ಕಿನ ಜಾಲರಿ ಹೊದಿಸಿದ ಬ್ರೇಕ್ ಹೋಸ್‌ಗಳೂ ಜನಪ್ರಿಯ. ಅವು ರಬ್ಬರಿನಂತೆ ಉಬ್ಬುವುದಿಲ್ಲವಾದ್ದರಿಂದ ಪೆಡಲ್ ಗಟ್ಟಿ ಎನಿಸುತ್ತದೆ, ನಿಯಂತ್ರಣ ಸುಲಭವಾಗುತ್ತದೆ. ನಿಲ್ಲುವ ದೂರ ಅದರಿಂದಲೇ ಕಡಿಮೆಯಾಗುವುದಿಲ್ಲ.

ಹಾಗಾದರೆ ದೊಡ್ಡ ಕಿಟ್ ಯಾರಿಗೆ?

ದೊಡ್ಡ ಡಿಸ್ಕಿನಲ್ಲಿ ಹೆಚ್ಚು ಲೋಹ ಇರುತ್ತದೆ, ಹೆಚ್ಚು ಬಿಸಿ ಹೀರುತ್ತದೆ. ಅದೇ ಅದರ ನಿಜವಾದ ಲಾಭ. ಕಾರು ತುಂಬ ಭಾರವಾಗಿದ್ದರೆ, ಎಂಜಿನ್ ಶಕ್ತಿ ಹೆಚ್ಚಿಸಿದ್ದರೆ, ಒಳ್ಳೆಯ ದ್ರವ, ಪ್ಯಾಡ್, ಗಾಳಿ ಎಲ್ಲ ಕೊಟ್ಟ ಮೇಲೂ ಡಿಸ್ಕ್ ಬಿರುಕು ಬಿಡುತ್ತಿದ್ದರೆ ಅಥವಾ ಪ್ಯಾಡ್ ಒಂದೇ ದಿನಕ್ಕೆ ಸವೆಯುತ್ತಿದ್ದರೆ ಆಗ ಕಿಟ್‌ನ ಮಾತು ಬರುತ್ತದೆ.

ಅಳತೆ ತಿಳಿಯದೆ ಮುಂದಿನ ಚಕ್ರಗಳಿಗೆ ಮಾತ್ರ ದೊಡ್ಡ ಬ್ರೇಕ್ ಹಾಕಿದರೆ ಮುಂದು–ಹಿಂದಿನ ಸಮತೋಲನ ತಪ್ಪುತ್ತದೆ. ಮುಂದಿನ ಟೈರು ಬೇಗ ಜಾರಲು ಹೊರಡುತ್ತದೆ, ಹಿಂದಿನ ಟೈರಿನ ಹಿಡಿತ ಪೂರ್ತಿ ಬಳಕೆಯಾಗುವುದಿಲ್ಲ. ಲಕ್ಷಗಟ್ಟಲೆ ಖರ್ಚು ಮಾಡಿಯೂ ಕಾರು ಮೊದಲಿಗಿಂತ ದೂರ ಹೋಗಿ ನಿಲ್ಲಬಹುದು.

ಕಾರ್ಬನ್ ಸೆರಾಮಿಕ್ ಡಿಸ್ಕ್‌ಗಳ ಕಥೆಯೂ ಇಂಥದೇ. ಪೋರ್ಷೆ 2001ರಲ್ಲಿ 911 ಜಿಟಿ2 ಕಾರಿಗೆ ಇವನ್ನು ಅಳವಡಿಸಿತು. ಹಗುರ, ಬಿಸಿ ತಡೆಯುವ ಶಕ್ತಿ ಅಪಾರ. ಆದರೆ ಬದಲಿಸುವ ಖರ್ಚು ವಿಪರೀತವಾದ್ದರಿಂದ, ಪದೇಪದೇ ಟ್ರ್ಯಾಕ್‌ಗೆ ಹೋಗುವ ಕೆಲವರು ಅವನ್ನು ಬಿಚ್ಚಿಟ್ಟು ಕಬ್ಬಿಣದ ಡಿಸ್ಕನ್ನೇ ಹಾಕಿಕೊಳ್ಳುತ್ತಾರೆ.

ಟ್ರ್ಯಾಕ್ ದಿನದ ನಾಲ್ಕು ಮಾತು

ಹೊರಡುವ ಮುನ್ನ ಪ್ಯಾಡಿನ ದಪ್ಪ, ಡಿಸ್ಕಿನ ಬಿರುಕು, ಹೋಸ್‌ನ ಸೋರಿಕೆ ನೋಡಿಸಿ. ಪ್ಯಾಡ್ ತೆಳುವಾದಷ್ಟೂ ಬಿಸಿ ದ್ರವಕ್ಕೆ ಸುಲಭವಾಗಿ ದಾಟುತ್ತದೆ.

ಪೆಡಲ್ ಸ್ವಲ್ಪವೇ ಮೆತ್ತಗಾದರೂ ಆ ಸುತ್ತನ್ನು ಅಲ್ಲಿಗೇ ಮುಗಿಸಿ. ‘ಇನ್ನೊಂದು ಸುತ್ತು’ ಬೇಡ.

ಕೊನೆಯ ಸುತ್ತನ್ನು ಬ್ರೇಕ್ ಹೆಚ್ಚು ಬಳಸದೆ ನಿಧಾನವಾಗಿ ಓಡಿಸಿ, ಬಿಸಿ ಆರಲಿ. ನಿಲ್ಲಿಸಿದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಪೆಡಲ್ ತುಳಿದುಕೊಂಡೂ ಕೂರಬೇಡಿ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ. ಬಿಸಿ ಪ್ಯಾಡ್ ಒಂದೇ ಕಡೆ ಒತ್ತಿಕೊಂಡರೆ ಅದರ ಅಂಶ ಡಿಸ್ಕಿಗೆ ಅಂಟುತ್ತದೆ. ‘ಡಿಸ್ಕ್ ಬೆಂಡಾಗಿದೆ’ ಎಂದು ಹೇಳುವ ನಡುಕಕ್ಕೆ ಹಲವು ಸಲ ಕಾರಣ ಬೆಂಡಲ್ಲ, ಹೀಗೆ ಅಂಟಿದ ಪದರ.

ವಿಮೆಯನ್ನೂ ಓದಿಕೊಳ್ಳಿ. ನಮ್ಮಲ್ಲಿ ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಗಳು ರೇಸಿಂಗ್ ಮತ್ತು ವೇಗ ಪರೀಕ್ಷೆಗೆ ಅನ್ವಯಿಸುವುದಿಲ್ಲ.

ಟ್ರ್ಯಾಕ್‌ಗೆ ಎಂದೂ ಹೋಗದವರಿಗೂ ಇದರಲ್ಲಿ ಪಾಠವಿದೆ. ಅದೇ 1,400 ಕೆಜಿಯ ಕಾರು ಆಗುಂಬೆ, ಚಾರ್ಮಾಡಿಯಂಥ ಘಾಟಿಯಲ್ಲಿ 600 ಮೀಟರ್ ಎತ್ತರ ಇಳಿದರೆ ಸುಮಾರು 8 ಮೆಗಾಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಬುದ್ಧ್ ಸರ್ಕ್ಯೂಟ್‌ನ ಆ ದೊಡ್ಡ ಬ್ರೇಕಿನ ನಾಲ್ಕೂವರೆಯಷ್ಟು ಅದು. ಕಡಿಮೆ ಗೇರಿನಲ್ಲಿ ಇಳಿದರೆ ಅದರ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ನ್ಯೂಟ್ರಲ್‌ಗೆ ಹಾಕಿ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಹೆಚ್ಚುಕಡಿಮೆ ಅಷ್ಟೂ ಬ್ರೇಕಿನ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಬದಲಿಸದ ದ್ರವ ಅಲ್ಲಿಯೂ ಕುದಿಯಬಲ್ಲದು. ಆದ್ದರಿಂದ ಕಾರು ಯಾವುದೇ ಇರಲಿ, ಮುಂದಿನ ಸರ್ವಿಸ್‌ನಲ್ಲಿ ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳಿ. ಕೈಪಿಡಿಯಲ್ಲಿ ಹೇಳಿರುವ ಅವಧಿ, ಸಾಮಾನ್ಯವಾಗಿ ಎರಡು ವರ್ಷ, ದಾಟಿದ್ದರೆ ಬದಲಿಸಿಬಿಡಿ.