ಫೋಟೋ ನೋಡಿ ಔಷಧ ಬರೆಸ್ಕೋಬ್ಯಾಡ್ರಿ



ಹೋದ ವಾರ ಕಮಲಾಪುರ ಕಡೆಯ ಗೆಳೆಯರೊಬ್ಬರು ತೊಗರಿ ಹೊಲದಾಗ ಒಂದು ನೊಣದ ಫೋಟೋ ತೆಗೆದು, ಕಲಬುರಗಿಗೆ ಹೋದಾಗ ಅಂಗಡಿಯಾಗ ತೋರ್ಸಿದ್ರು. "ಕಾಯಿ ನೊಣ ಬಂದದ, ಈಗೇ ಹೊಡೀರಿ" ಅಂತ 850 ರೂಪಾಯಿ ಬಾಟ್ಲಿ ಕೊಟ್ಟು ಕಳಿಸ್ಯಾರ. ಹೊಡೆಯೋ ಮುಂಚೆ ನನಗೂ ಫೋಟೋ ಕಳಿಸಿದ್ರು, ಪುಣ್ಯ.

ನಾನು ಕೇಳಿದ್ದು ಎರಡೇ ಮಾತು. ನೊಣ ಎಷ್ಟು ದೊಡ್ಡದಿತ್ತು? "ಬೆರಳಿನ ಒಂದು ಗೆಣ್ಣಿಗಿಂತ ಉದ್ದ ಇತ್ತು" ಅಂದ್ರು. ತೊಗರಿ ಕಾಯಿ ಹಿಡಿದದೇನು? "ಇನ್ನೂ ಹೂವೇ ಇಲ್ಲ" ಅಂದ್ರು. ಅಲ್ಲಿಗೆ ಮುಗೀತು. ಕಾಯಿ ನೊಣ ಅಂದ್ರ ಎಳ್ಳಿನ ಕಾಳಿನಷ್ಟು ಸಣ್ಣ ಕರೀ ನೊಣ. ಅದು ಮೊಟ್ಟೆ ಇಡೋದು ಹಸಿರು ಕಾಯಿಯೊಳಗ. ಕಾಯೇ ಇಲ್ಲದಾಗ ಅದಕ್ಕ ಹೊಡೆಯೋದು ಯಾಕ?

ಫೋಟೋದಾಗ ಇದ್ದದ್ದು ರಾಬರ್ ಫ್ಲೈ, ಅಂದ್ರ ದರೋಡೆ ನೊಣ. ಗುರುತು ನೋಡ್ರಿ: ರೆಕ್ಕೆ ಎರಡೇ. ಏರೋಪ್ಲೇನ್ ಚಿಟ್ಟೆಗೂ ಕಣಜಕ್ಕೂ ನಾಲ್ಕು ಇರ್ತಾವ. ಎರಡು ದೊಡ್ಡ ಕಣ್ಣಿನ ನಡುವೆ ತಲೆ ಮ್ಯಾಲೆ ತಗ್ಗು. ಬಾಯಿ ಮ್ಯಾಲೆ ಮೀಸೆಯಂಗ ಗಡುಸು ಕೂದಲು. ಮುಳ್ಳು ಮುಳ್ಳಾದ ಗಟ್ಟಿ ಕಾಲು, ಹಿಂದಕ್ಕ ಚೂಪಾದ ಉದ್ದ ಹೊಟ್ಟೆ. ಹಾರೋ ಹುಳವನ್ನ ಗಾಳಿಯಾಗೇ ಹಿಡಿದು, ಚುಚ್ಚಿ, ಅದರ ಒಳಗಿನದು ಕರಗಿಸಿ ಹೀರ್ತದ. ಎಲೆ, ಹೂವು, ಕಾಯಿ ತಿನ್ನೋದಿಲ್ಲ. ಬಹಳ ಜಾತಿಗಳ ಮರಿಗಳು ಮಣ್ಣಾಗಿದ್ದು ಬೇರೆ ಹುಳದ ಮರಿ ತಿಂತಾವ, ಗೊಣ್ಣೆ ಹುಳನೂ ಅದರಾಗ ಬರ್ತದ.

ಹಂಗಂತ ಇದನ್ನ ದೇವರು ಮಾಡೋದೂ ಬ್ಯಾಡ. ಜೇನುನೊಣನೂ ಹಿಡೀತದ. ಕಾಯಿಯೊಳಗ ಕುಂತ ಕೊರಕವನ್ನ ಇದು ತೆಗೆಯೋದಿಲ್ಲ. ಅದಕ್ಕ ಗಿಡ ಅಲ್ಲಾಡಿಸಿ ಹುಳ ಬೀಳಿಸೋದು, ಮೋಹಕ ಬಲೆ ಕಟ್ಟೋದು ನಾವೇ ಮಾಡ್ಬೇಕು. ಕೈಲೆ ಹಿಡಿದ್ರ ಚುಚ್ತದ, ಮಕ್ಕಳಿಗೆ ಹೇಳ್ರಿ.

ನನ್ನ ಅಭಿಪ್ರಾಯ ಇಷ್ಟೇ. ಒಂದು ಫೋಟೋದಿಂದ ಇದರ ಪೂರ್ತಿ ಜಾತಿ ಹೆಸರು ಹೇಳೋದು ಕಷ್ಟ, ನಮಗ ಅದು ಬೇಕಾಗಿಯೂ ಇಲ್ಲ. ಬೆಳೆ ತಿನ್ನೋದೋ, ಹುಳ ತಿನ್ನೋದೋ ಅಂತ ಗೊತ್ತಾದ್ರ ಸಾಕು. ಆದ್ರ ಮೊಬೈಲ್ ಪರದೆ ಮ್ಯಾಲೆ ಎಳ್ಳಿನಷ್ಟು ನೊಣನೂ ಇಂಚಿನ ನೊಣನೂ ಒಂದೇ ಅಳತಿ ಕಾಣ್ತಾವ. ಮೋಸ ಆಗೋದು ಅಲ್ಲೇ. ಅದಕ್ಕ ಮ್ಯಾಲಿಂದ ಒಂದು, ಪಕ್ಕದಿಂದ ಒಂದು, ಮುಖದ್ದು ಒಂದು ಫೋಟೋ ತೆಗೀರಿ. ನೊಣ ಹಾರಿ ಹೋದ ಮ್ಯಾಲೆ ಅದು ಕುಂತಿದ್ದ ಎಲೆ ಪಕ್ಕ ಒಂದು ರೂಪಾಯಿ ನಾಣ್ಯ ಹಿಡಿದು ಇನ್ನೊಂದು ತೆಗೀರಿ. ಬೆಳೆ ಯಾವ ಹಂತದಾಗ ಅದ, ಹುಳ ಏನು ಮಾಡ್ತಿತ್ತು ಅಂತನೂ ಬರೀರಿ. ಅದನ್ನ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರ್ಸ್ರಿ. ಔಷಧ ಮಾರೋರನ್ನ ಕೇಳಿದ್ರ ಉತ್ತರ ಔಷಧನೇ ಆಗಿರ್ತದ.

ಗೆಳೆಯರ ಬಾಟ್ಲಿ ಇನ್ನೂ ಒಡೆದಿಲ್ಲ. ನೊಣ ಹೊಲದಾಗೇ ಅದ.