ರೇಡಿಯೊ ಕೈಕೊಟ್ಟರೆ ಘಾಟಿನಲ್ಲಿ ಬ್ರೇಕ್ ಯಾರದು?

ಕುಳೆಂ ಸ್ಟೇಶನ್ನಿನಿಂದ ಕ್ಯಾಸಲ್‌ರಾಕ್‌ವರೆಗೆ ಸುಮಾರು 26 ಕಿ.ಮೀ. ಹಾದಿ. ಕೆಳಗೆ ಗೋವಾ, ಮೇಲೆ ನಮ್ಮ ಜೋಯಿಡಾ ತಾಲೂಕು. ಪೋರ್ಚುಗೀಸರ ಆಳ್ವಿಕೆಯಲ್ಲಿ, 1880ರ ದಶಕದಲ್ಲಿ ಹಾಕಿದ ಈ ಬ್ರಗಾಂಝಾ ಘಾಟಿನ ಏರು ಕಡಿದಾದ ಕಡೆ 37ಕ್ಕೆ 1 ಇದೆ. ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಸ್ಕೂಟರ್ ಓಡಿಸೋರಿಗೆ ಇದು ಏರೇ ಅಲ್ಲ. ಆದರೆ ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಉರುಳುವಾಗ ಲೆಕ್ಕ ಬೇರೆ. 4,000 ಟನ್ನಿನ ಗಾಡಿ ಅಂತ ಹಿಡಿದರೂ ಅದನ್ನು ಈ ಏರಿನಲ್ಲಿ ಜಾರದಂತೆ ಹಿಡಿದು ನಿಲ್ಲಿಸುವುದಕ್ಕೇ ಸುಮಾರು 108 ಟನ್ ಬಲ ಬೇಕು. ಮೇಲೆ ಎಳೆಯುವ ಮಾತು ಆಮೇಲಿನದು.

ಮುರಗಾಂವ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆ ಸೇರಬೇಕಾದರೆ ಇದೇ ಏರು ಹತ್ತಬೇಕು. ಎಲ್ಲ ಇಂಜಿನ್ನುಗಳನ್ನೂ ಮುಂದೆಯೇ ಕಟ್ಟಿ ಎಳೆದರೆ ಮೊದಲ ವ್ಯಾಗನ್ನುಗಳ ಕಪ್ಲಿಂಗ್ ತಡೆಯಲಾರದು. ಹೀಗಾಗಿ ಒಂದಿಷ್ಟು ಇಂಜಿನ್ ಮುಂದೆ, ಒಂದಿಷ್ಟು ಹಿಂದೆ ದೂಡಲು. ಹಿಂದಿನವಕ್ಕೆ ಬ್ಯಾಂಕರ್ ಅನ್ನುತ್ತಾರೆ. ಮುಂದಿನ ಚಾಲಕನಿಗೂ ಬ್ಯಾಂಕರ್ ಚಾಲಕನಿಗೂ ನಡುವೆ ಅರ್ಧ ಕಿ.ಮೀ.ಗೂ ಹೆಚ್ಚು ಅಂತರ. ಸೀಟಿ ಮತ್ತು ವಾಕಿ-ಟಾಕಿಯ ಮೇಲೆ ಇಬ್ಬರೂ ಹೊಂದಿಸಿಕೊಂಡು ಹೋಗುವುದು ಹಳೇ ಪದ್ಧತಿ.

ಹೊಸ ಪದ್ಧತಿಯಲ್ಲಿ ಹಿಂದಿನ ಇಂಜಿನ್ನಿನಲ್ಲಿ ಚಾಲಕ ಬೇಡ. ಮುಂದಿನವನು ಹಿಡಿಕೆ ತಿರುಗಿಸಿದರೆ ರೇಡಿಯೊ ಮೂಲಕ ಹಿಂದಿನದೂ ಅದೇ ಕೆಲಸ ಮಾಡುತ್ತದೆ. ರೈಲ್ವೆಯವರ ಭಾಷೆಯಲ್ಲಿ ಇದಕ್ಕೆ ಡಿಪಿಡಬ್ಲ್ಯುಸಿಎಸ್ ಎಂಬ ಉದ್ದನೆಯ ಹೆಸರು. ಉದ್ದದ ಗಾಡಿ ಓಡಿಸಲು ಭಾರತೀಯ ರೈಲ್ವೆ ಕೆಲವು ವಲಯಗಳಲ್ಲಿ ಇದನ್ನು ಹಾಕಿದೆ. ಉದ್ದದ ಗಾಡಿಗಳ ಹುಮ್ಮಸ್ಸಂತೂ ದೊಡ್ಡದಿದೆ: 2022ರ ಆಗಸ್ಟ್ 15ರಂದು ಛತ್ತೀಸಗಡದಲ್ಲಿ 295 ವ್ಯಾಗನ್ನಿನ ‘ಸೂಪರ್ ವಾಸುಕಿ’, 2025ರ ಆಗಸ್ಟ್‌ನಲ್ಲಿ 354 ವ್ಯಾಗನ್ನಿನ, 4.5 ಕಿ.ಮೀ. ಉದ್ದದ ‘ರುದ್ರಾಸ್ತ್ರ’. ಘಾಟಿಗೂ ರಿಮೋಟ್ ಯಾಕೆ ಬರಬಾರದು ಅನ್ನೋರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಅಂತ ಅನ್ನಲಾಗದು. ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ರದ್ದು ಮಾಡಿತು. ಹಳಿ ಒಂದೇ ಇರುವಲ್ಲಿ ಪ್ರತಿ ಗಾಡಿಯಲ್ಲೂ ಹೆಚ್ಚು ಸರಕು ಸಾಗಿಸುವ ಆಸೆ ಸಹಜ. ಬ್ಯಾಂಕರ್ ಡ್ಯೂಟಿಯೂ ಸುಖದ್ದಲ್ಲ. ಗಾಡಿ ಹತ್ತಿಸು, ಇಳಿ, ಮತ್ತೆ ಕಾಯಿ, ಮತ್ತೆ ಹತ್ತಿಸು.

ನನ್ನ ತಕರಾರು ಯಂತ್ರ ಕೆಟ್ಟಾಗಿನ ಗಳಿಗೆಯ ಬಗ್ಗೆ.

ರೇಡಿಯೊ ಎಲ್ಲಿ ಕೈಕೊಡುತ್ತದೆ? ಸುರಂಗದಲ್ಲಿ, ಬೆಟ್ಟದ ತಿರುವಿನಲ್ಲಿ. ಬ್ರಗಾಂಝಾ ಘಾಟಿನಲ್ಲಿ ಇರುವುದೇ ಸುರಂಗ ಮತ್ತು ತಿರುವು. ಇಂಥ ಸಾಧನಗಳಲ್ಲಿ ಸಂಪರ್ಕ ಕಡಿದ ಕೂಡಲೇ ಹಿಂದಿನ ಇಂಜಿನ್ ನಿಲ್ಲುವುದಿಲ್ಲ, ಕೊನೆಗೆ ಬಂದ ಆದೇಶವನ್ನೇ ಪಾಲಿಸುತ್ತ ಹೋಗುತ್ತದೆ. ಇದು ಮೂರ್ಖತನವಲ್ಲ. ಪ್ರತಿ ಸುರಂಗದಲ್ಲೂ ಬ್ಯಾಂಕರ್ ಸುಮ್ಮನಾದರೆ ಗಾಡಿ ಏರುವುದೇ ಇಲ್ಲ. ಆದರೆ ಅದೇ ಹೊತ್ತಿಗೆ ಮುಂದಿನ ಚಾಲಕನಿಗೆ ಕೆಂಪು ಸಿಗ್ನಲ್ಲೋ, ಹಳಿ ಮೇಲೆ ಬಿದ್ದ ಬಂಡೆಯೋ ಕಂಡಿತು ಅನ್ನಿ. ಆತ ಜೋರು ತಗ್ಗಿಸುತ್ತಾನೆ, ಹಿಂದಿನದು ದೂಡುತ್ತಲೇ ಇರುತ್ತದೆ. ನಡುವಿನ ವ್ಯಾಗನ್ನುಗಳು ಎರಡು ಕೈ ನಡುವೆ ಹಿಂಡಿದ ಕಬ್ಬಿನಂತಾಗುತ್ತವೆ, ತಿರುವಿನಲ್ಲಿ ಹಳಿ ಬಿಟ್ಟು ಮೇಲೇಳಬಹುದು.

ಆಗ ಕಾಪಾಡುವುದು ನೂರು ವರ್ಷದ ಹಳೇ ವಸ್ತು, ಗಾಡಿಯ ಉದ್ದಕ್ಕೂ ಹೋಗುವ ಗಾಳಿಯ ಬ್ರೇಕ್ ಪೈಪು. ಮುಂದಿನವನು ಬ್ರೇಕ್ ಹಾಕಿದರೆ ಪೈಪಿನ ಗಾಳಿ ಇಳಿಯುತ್ತದೆ, ಅದನ್ನು ಗ್ರಹಿಸಿ ಹಿಂದಿನ ಇಂಜಿನ್ ದೂಡುವುದನ್ನು ಬಿಡಬೇಕು. ರೇಡಿಯೊ ಹೇಳದ ಸುದ್ದಿಯನ್ನು ಗಾಳಿ ಮುಟ್ಟಿಸುತ್ತದೆ. ಗ್ರಹಿಸುವ ಆ ಉಪಕರಣವೂ ಕೆಟ್ಟಿದ್ದರೆ? ಬ್ಯಾಂಕರ್‌ನಲ್ಲಿ ಮನುಷ್ಯ ಕುಳಿತಿದ್ದರೆ ವಾಕಿ-ಟಾಕಿ ಸತ್ತರೂ ಗೇಜಿನ ಮುಳ್ಳು ಇಳಿಯುವುದನ್ನು ಕಣ್ಣಾರೆ ನೋಡುತ್ತಾನೆ, ಗಾಡಿ ಮುಗ್ಗರಿಸುವುದು ಅವನ ಸೊಂಟಕ್ಕೇ ಗೊತ್ತಾಗುತ್ತದೆ. ಮನುಷ್ಯ ತಪ್ಪು ಮಾಡುವುದಿಲ್ಲ ಅಂತಲ್ಲ ನೋಡ್ರಿ. ಇಬ್ಬರೂ ಒಟ್ಟಿಗೇ ಕೆಡುವುದು ಕಡಿಮೆ ಅಷ್ಟೇ.

ಇನ್ನು ಗಾಡಿ ನಿಂತಿತು ಅಂತಲೇ ಇಟ್ಟುಕೊಳ್ಳೋಣ. ಬಯಲಿನಲ್ಲಿ ಯಂತ್ರ ಕೆಟ್ಟಾಗ ನಿಲ್ಲುವುದೇ ಕ್ಷೇಮ. ಬಿಲಾಸಪುರದ ಬಯಲಲ್ಲಿ ನಿಂತ ಗಾಡಿ ಅಲ್ಲೇ ಇರುತ್ತದೆ. ಘಾಟಿನಲ್ಲಿ ನಿಂತಲ್ಲಿಂದ ಎರಡನೇ ಕಷ್ಟ ಶುರು. ಗಾಳಿಯ ಬ್ರೇಕು ಶಾಶ್ವತವಲ್ಲ, ಹೊತ್ತು ಹೋದಂತೆ ಸೋರುತ್ತದೆ. ಇಂಜಿನ್ ಬಂದಾದರೆ ಗಾಳಿ ತುಂಬುವವರಿಲ್ಲ. ಆಗ ವ್ಯಾಗನ್ನಿನಿಂದ ವ್ಯಾಗನ್ನಿಗೆ ನಡೆದು ಕೈಯಿಂದ ಹ್ಯಾಂಡ್‌ಬ್ರೇಕ್ ಬಿಗಿಯಬೇಕು, ಗಾಲಿಗೆ ಮರದ ಕಟ್ಟಿಗೆ ಕೊಡಬೇಕು. ಜುಲೈ ತಿಂಗಳ ರಾತ್ರಿ, ಒಂದು ಬದಿ ಪ್ರಪಾತ, ಒಂದು ಬದಿ ನೀರಿಳಿಯುವ ಕಲ್ಲುಗೋಡೆ, ಕೈಯಲ್ಲೊಂದು ಬ್ಯಾಟರಿ. ಹಿಂದಿನ ಇಂಜಿನ್ನಿನಲ್ಲಿ ಯಾರೂ ಇಲ್ಲದಿದ್ದರೆ ಈ ಕೆಲಸ ಮಾಡೋರು ಯಾರು? ಗಾರ್ಡ್ ಇದ್ದರೆ ಗಾರ್ಡ್. 2022ರಿಂದ ಅವರ ಹೆಸರು ಟ್ರೇನ್ ಮ್ಯಾನೇಜರ್. ಹೆಸರು ದೊಡ್ಡದಾಯಿತು, ಆದರೆ ಗಾಡಿಯ ಬಾಲಕ್ಕೆ ಸಾಧನ ಕಟ್ಟಿ ಅವರನ್ನೂ ಇಳಿಸುವ ಯೋಜನೆ ರೈಲ್ವೆಯಲ್ಲಿ ಇದ್ದೇ ಇದೆ.

2013ರ ಜುಲೈ 6ರಂದು ಕೆನಡಾದ ಲಾಕ್-ಮೆಗಾಂಟಿಕ್‌ನಲ್ಲಿ ಆದದ್ದು ಇದೇ. ಒಬ್ಬನೇ ಚಾಲಕನಿದ್ದ ಕಚ್ಚಾ ತೈಲದ ಗಾಡಿಯನ್ನು ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸಿದ್ದರು. ಇಂಜಿನ್ನಿಗೆ ಬೆಂಕಿ ಹತ್ತಿತು, ಅಗ್ನಿಶಾಮಕದವರು ಆರಿಸಿ ಇಂಜಿನ್ ಬಂದ್ ಮಾಡಿದರು. ಗಾಳಿ ಮೆಲ್ಲಗೆ ಸೋರಿತು. ಬಿಗಿದಿದ್ದ 7 ಹ್ಯಾಂಡ್‌ಬ್ರೇಕ್ ಸಾಲಲಿಲ್ಲ. ಗಾಡಿ ಊರಿನ ನಡುವೆ ನುಗ್ಗಿ 47 ಜನ ಸತ್ತರು. ಅಲ್ಲಿನ ಇಳಿಜಾರು ನಮ್ಮ ಘಾಟಿನ ಅರ್ಧದಷ್ಟೂ ಇರಲಿಲ್ಲ. ನಮ್ಮ ದೇಶದಲ್ಲೇ 2024ರ ಫೆಬ್ರುವರಿ 25ರಂದು ಕಠುವಾದಲ್ಲಿ ನಿಲ್ಲಿಸಿದ್ದ 53 ವ್ಯಾಗನ್ನಿನ ಗೂಡ್ಸ್ ಚಾಲಕರಿಲ್ಲದೆ ಹೊರಟು 70 ಕಿ.ಮೀ. ದಾಟಿ ಪಂಜಾಬದಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ.

ನಮ್ಮ ಘಾಟು ಏನೂ ಆಗದ ಜಾಗವಲ್ಲ. 2021ರ ಜುಲೈ 23ರಂದು ದೂಧಸಾಗರ-ಸೊನಾಲಿಂ ನಡುವೆ ಗುಡ್ಡ ಕುಸಿದು ಮಂಗಳೂರು-ಮುಂಬಯಿ ಗಾಡಿ ಹಳಿ ತಪ್ಪಿತು. 2022ರ ಜನವರಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ಸಿನ ಇಂಜಿನ್ ಗಾಲಿ ಹಳಿ ಬಿಟ್ಟಿತು. 2024ರ ಆಗಸ್ಟ್ 9ರಂದು ಸೊನಾಲಿಂ-ದೂಧಸಾಗರ ನಡುವೆ ಕಲ್ಲಿದ್ದಲಿನ 17 ವ್ಯಾಗನ್ ಉರುಳಿದವು, ಪ್ರಯಾಣಿಕರ ಗಾಡಿಗಳು ರದ್ದಾದವು. ಇವು ಯಾವುವೂ ರಿಮೋಟಿನ ತಪ್ಪಲ್ಲ, ಆ ಮಾತು ಬೇರೆ. ಆದರೆ ಆ ಸ್ಟೇಶನ್ನುಗಳಿಗೆ ಸರಿಯಾದ ರಸ್ತೆ ಇಲ್ಲ, ಸಹಾಯ ಬರಬೇಕಾದರೂ ಅದೇ ಹಳಿ ಮೇಲೆ ಬರಬೇಕು. ಅದೇ ಹಳಿ ಮೇಲೆಯೇ ಗದಗ, ಕೊಪ್ಪಳ ಕಡೆಯ ಜನ ವಾಸ್ಕೋ, ಮಡಗಾಂವಿಗೆ ದುಡಿಮೆಗೆ ಹೋಗಿಬರುವುದು. ಗೂಡ್ಸ್ ಜಾರಿದರೆ ಬರೀ ಕಲ್ಲಿದ್ದಲಿನ ನಷ್ಟ ಅಂತ ಯಾರೂ ತಿಳಿಯಬಾರದು.

ರಿಮೋಟ್ ಬರುವುದಾದರೆ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಕುಳೆಂ-ಕ್ಯಾಸಲ್‌ರಾಕ್ ನಡುವಿನ 26 ಕಿ.ಮೀ.ಯಲ್ಲಿ ಬ್ಯಾಂಕರ್ ಇಂಜಿನ್ನಿನಿಂದ ಮನುಷ್ಯನನ್ನು ಇಳಿಸಬಾರದು. ಸುರಂಗದೊಳಗೂ ಸಂಪರ್ಕ ಸಿಗುವಂತೆ ತಂತಿ ಎಳೆದು, ಪೂರಾ ಲೋಡಿನೊಂದಿಗೆ, ಮಳೆಗಾಲದಲ್ಲೇ ಬೇಕಂತಲೇ ರೇಡಿಯೊ ಬಂದ್ ಮಾಡಿ ಪರೀಕ್ಷೆ ಮಾಡಲಿ. ಬೇಸಿಗೆಯಲ್ಲಿ ಖಾಲಿ ಗಾಡಿ ಓಡಿಸಿ ಫೋಟೊ ಹಾಕುವ ಪರೀಕ್ಷೆ ಬೇಡ. ಸಂಪರ್ಕ ಕಡಿದರೆ ಎಷ್ಟು ನಿಮಿಷ ಕಾಯಬೇಕು, ಎಷ್ಟು ವ್ಯಾಗನ್ನಿನ ಹ್ಯಾಂಡ್‌ಬ್ರೇಕ್ ಬಿಗಿಯಬೇಕು, ಅದನ್ನು ಯಾವ ತುದಿಯಿಂದ ಯಾರು ಶುರು ಮಾಡಬೇಕು ಎಂಬುದನ್ನು ಹುಬ್ಬಳ್ಳಿ ವಿಭಾಗದವರು ಒಂದು ಹಾಳೆಯಲ್ಲಿ ಬರೆಯಲಿ. ಕುಳೆಂನಲ್ಲಿ ಬ್ಯಾಂಕರ್ ಜೋಡಿಸುವ ಮುಂಚೆ ಆ ಹಾಳೆ ಎರಡೂ ತುದಿಯ ಚಾಲಕರ ಕಿಸೆಯಲ್ಲಿರಲಿ.