ಟ್ಯೂಷನ್‌ಗೆ ಪುರುಸೊತ್ತಿದೆ, ಮಾತಿಗಿಲ್ಲ: ಚರ್ಚ್‌ಗಳ ವಿದ್ಯಾರ್ಥಿ ಗುಂಪು ಉಳಿಯೋದು ಹೇಗೆ?

ಭಾನುವಾರದ ಪೂಜೆ ಮುಗಿಸಿ ಜನ ಮೀನು, ತರಕಾರಿ ಅಂತ ಪೇಟೆಗೆ ಇಳಿಯುವ ಹೊತ್ತಿಗೆ, ಕರಾವಳಿಯ ಅನೇಕ ಚರ್ಚ್‌ಗಳ ಪಕ್ಕದ ಕೋಣೆಯಲ್ಲಿ ಹೈಸ್ಕೂಲ್ ಮಕ್ಕಳ ಸಣ್ಣ ಗುಂಪೊಂದು ಕೂತಿರುತ್ತದೆ. ನೋಡಿದವರಿಗೆ ಇದೂ ಒಂದು ‘ದೊತೊರ್ನ್’ ಕ್ಲಾಸ್ ಅನ್ನಿಸಬಹುದು. ಆದರೆ ದೊತೊರ್ನ್‌ನಲ್ಲಿ ಟೀಚರ್ ಹೇಳ್ತಾರೆ, ಮಕ್ಕಳು ಕೇಳ್ತಾರೆ. ಇಲ್ಲಿ ಮಾತಾಡಬೇಕಾದವರು ಮಕ್ಕಳೇ.

ಮಂಗಳೂರು ಧರ್ಮಪ್ರಾಂತ್ಯದಲ್ಲೂ 2012ರಲ್ಲಿ ಅದರಿಂದ ಬೇರೆಯಾದ ಉಡುಪಿ ಧರ್ಮಪ್ರಾಂತ್ಯದಲ್ಲೂ ಈ ಕೆಲಸ ಹೆಚ್ಚಾಗಿ ನಡೆಯುವುದು ವೈಸಿಎಸ್, ಅಂದರೆ ಯುವ ಕಥೊಲಿಕ್ ವಿದ್ಯಾರ್ಥಿ ಸಂಚಲನದ ಹೆಸರಿನಲ್ಲಿ. ಇದರ ಮೂಲ ಪಾಠ ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಅವರದ್ದು. ಕಾರ್ಖಾನೆಯ ಎಳೆಯ ಕಾರ್ಮಿಕರಿಗಾಗಿ ಅವರು 1925ರಲ್ಲಿ ಕಟ್ಟಿದ ಸಂಘಟನೆ ಮೂರೇ ಮಾತಿನಲ್ಲಿ ನಡೆಯುತ್ತಿತ್ತು: ನೋಡು, ತೂಗಿ ನೋಡು, ಮಾಡು. 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ವಿಶ್ವಪತ್ರದಲ್ಲೇ ಈ ವಿಧಾನವನ್ನು ಒಪ್ಪಿಕೊಂಡರು.

ಅಂಗಡಿ ಬಾಗಿಲಿಗೂ ಬರುವ ವಿಷಯ

ಒಂದು ಉದಾಹರಣೆ ನೋಡಿ. ಶಾಲೆ ಹತ್ತಿರದ ಗೂಡಂಗಡಿಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗರಿಗೆ ಗುಟ್ಕಾ ಸಿಗುತ್ತಿದೆ ಅಂತಿಟ್ಟುಕೊಳ್ಳಿ. ಗುಂಪಿನಲ್ಲಿ ಯಾರೋ ಅದನ್ನು ಹೇಳಿದರೆ ಅದು ‘ನೋಡು’. ಬೈಬಲ್‌ನ ಒಂದು ಭಾಗ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವು ಏನು ಮಾಡಬೇಕಿತ್ತು’ ಅಂತ ಕೇಳಿಕೊಳ್ಳುವುದು ‘ತೂಗಿ ನೋಡು’. ಆ ಗೆಳೆಯನ ಹತ್ತಿರ ಮಾತಾಡುವುದು, ಅಂಗಡಿಯವರನ್ನು ಮರ್ಯಾದೆಯಿಂದ ಕೇಳಿಕೊಳ್ಳುವುದು ‘ಮಾಡು’. ಶಿಕ್ಷಣ ಸಂಸ್ಥೆಯ 100 ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕೇಂದ್ರ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಮಕ್ಕಳು ಬಂದು ಕೇಳಿದರೆ ‘ನಿಮಗ್ಯಾಕೆ ಉಸಾಬರಿ’ ಅಂತ ಗದರುವಂತಿಲ್ಲ.

ಭಕ್ತಿ ಮತ್ತು ಬೀದಿ ಹೀಗೆ ಒಂದೇ ಮಾತಿನಲ್ಲಿ ಸೇರುವುದೇ ಈ ಗುಂಪುಗಳ ಬಲ. ಹತ್ತು ಹನ್ನೆರಡು ಮಕ್ಕಳಿದ್ದರೆ ಎಲ್ಲರಿಗೂ ಬಾಯಿ ಬಿಡಲು ಅವಕಾಶ ಸಿಗುತ್ತದೆ. ಐವತ್ತಾದರೆ ಮೈಕ್ ಬೇಕು. ಮೈಕ್ ಬಂದರೆ ಭಾಷಣ ಶುರು, ಭಾಷಣ ಶುರುವಾದರೆ ಮಕ್ಕಳು ಮೊಬೈಲ್ ಕಡೆ.

ಎಲ್ಲಿ ಸೋಲುತ್ತದೆ?

ಮೊದಲ ಪೆಟ್ಟು ಟ್ಯೂಷನ್‌ದು. ಹತ್ತನೇ ಕ್ಲಾಸ್ ಬಂತೆಂದರೆ ಭಾನುವಾರವೂ ಕೋಚಿಂಗ್. ‘ಈ ವರ್ಷ ಒಂದು ಬಿಡು ಮಗಾ, ಪಿಯುಸಿಗೆ ಹೋದ ಮೇಲೆ ಸೇರು’ ಅನ್ನುವ ಮನೆಗಳೇ ಜಾಸ್ತಿ. ಆದರೆ ಮಗುವಿಗೆ ಭಯ, ಒತ್ತಡ ಹೆಚ್ಚುವುದೂ ಅದೇ ವರ್ಷ. ಅಪ್ಪ ಗಲ್ಫ್‌ನಲ್ಲಿ, ಅಮ್ಮ ಕೆಲಸದಲ್ಲಿ ಇರುವ ಮನೆಯ ಮಕ್ಕಳಿಗೆ ವಾರಕ್ಕೊಂದು ಗಂಟೆ ಮನಸ್ಸು ಬಿಚ್ಚುವ ಜಾಗ ಹೋದರೆ ಅದು ಸಣ್ಣ ನಷ್ಟವಲ್ಲ.

ಎರಡನೇ ಪೆಟ್ಟು ದೊಡ್ಡವರದ್ದೇ. ಮಕ್ಕಳು ಮಾತು ಶುರು ಮಾಡುವ ಮೊದಲೇ ಉಪದೇಶ ಕೊಟ್ಟರೆ ಗುಂಪು ಮತ್ತೆ ಕ್ಲಾಸ್ ಆಗುತ್ತದೆ. ಚರ್ಚ್ ಹಬ್ಬಕ್ಕೆ ಕುರ್ಚಿ ಹಾಕಲು, ಡ್ಯಾನ್ಸ್ ಮಾಡಿಸಲು ಮಾತ್ರ ನೆನಪಾದರೆ ಅದು ಸ್ವಯಂಸೇವಕರ ಪಟ್ಟಿ ಆಗುತ್ತದೆ, ಅಷ್ಟೇ.

ಗುಟ್ಟಿಗೂ ಒಂದು ಮಿತಿ

‘ಇಲ್ಲಿ ಹೇಳಿದ್ದು ಇಲ್ಲೇ ಇರಲಿ’ ಅನ್ನುವುದು ಇಂಥ ಗುಂಪುಗಳಲ್ಲಿ ಸಾಮಾನ್ಯ ನಿಯಮ. ಒಳ್ಳೆಯದೇ. ಆದರೆ ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯ ಹೇಳಿಕೊಂಡರೆ ಆ ನಿಯಮ ನಡೆಯದು. 2012ರ ಪೋಕ್ಸೋ ಕಾಯ್ದೆ ಪ್ರಕಾರ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಇದನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಬೇಕು. ಕೋಣೆ ಬಾಗಿಲು ತೆರೆದಿರಬೇಕು, ದೊಡ್ಡವರು ಇಬ್ಬರಾದರೂ ಇರಬೇಕು.

ಗುಂಪು ಶಾಲೆಯ ಒಳಗೆ ನಡೆಯುವುದಾದರೆ ಇನ್ನೊಂದು ಎಚ್ಚರ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಅಪ್ರಾಪ್ತ ಮಕ್ಕಳನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ, ಸಂವಿಧಾನದ 28(3)ನೇ ವಿಧಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಕಥೊಲಿಕ್ ಆಡಳಿತದ ಶಾಲೆಗಳಲ್ಲಿ ಎಲ್ಲ ಜಾತಿ ಧರ್ಮದ ಮಕ್ಕಳೂ ಓದುತ್ತಾರೆ. ಹಾಗಿರುವಾಗ ಗುಂಪು ಯಾರಿಗಾಗಿ, ಯಾವ ಹೊತ್ತಿಗೆ ಅಂತ ಮೊದಲೇ ತಿಳಿಸಿದರೆ ಊರಲ್ಲಿ ಗಾಳಿಸುದ್ದಿಗೂ ಜಾಗ ಇರುವುದಿಲ್ಲ.

ಇಷ್ಟಕ್ಕೆಲ್ಲ ದೊಡ್ಡ ಬಜೆಟ್ ಬೇಡ. ಒಂದು ಕೋಣೆ, ಬಾಯಿಗಿಂತ ಕಿವಿ ಹೆಚ್ಚು ಬಳಸುವ ಇಬ್ಬರು ದೊಡ್ಡವರು, ಟ್ಯೂಷನ್‌ನಿಂದ ಬಿಡಿಸಿಕೊಂಡ ಒಂದು ಗಂಟೆ ಸಾಕು. ಮೊದಲಿನ ಎರಡನ್ನು ಚರ್ಚ್ ಕೊಡಬಹುದು. ಆ ಒಂದು ಗಂಟೆ ಮಾತ್ರ ಅಪ್ಪ ಅಮ್ಮನೇ ಕೊಡಬೇಕು.